ಒಣ ಶಾನ್‌ಯಾವ್ ಚೂರು: ಅಸಲಿ ಗುರುತಿಸುವುದು, ನೆನೆಸುವುದು, ಬೇಯಿಸುವುದು

ಸಾರುಪ್ರಿಯೆ:
ಚೀನೀ ಅಡುಗೆಯಲ್ಲೂ ಔಷಧಿಯಲ್ಲೂ ಬಳಸುವ ಶಾನ್‌ಯಾವ್ ಗೆಡ್ಡೆಯ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಸರಿಯಾದ ಮಾಹಿತಿ ಇರಲಿ ಅಂತ ಈ ಎಳೆ ಶುರು ಮಾಡ್ತಿದ್ದೇನೆ. ಸಿಂಗಾಪುರ, ಮಲೇಷ್ಯಾ ಕಡೆಯ ಅಂಗಡಿಗಳಲ್ಲಿ ‘ಹುವಾಯ್ ಶಾನ್’ ಅಂತ ಬರೆದಿರುತ್ತೆ, ವಸ್ತು ಅದೇ. ಈಗ ಬೆಂಗಳೂರಿಗೂ ಆನ್‌ಲೈನ್‌ನಲ್ಲಿ ಒಣ ಚೂರು ಬರ್ತಿದೆ. ತಿಳಿದವರು ಇವಕ್ಕೆ ಉತ್ತರಿಸಿ. ಸೂಪಿಗೆ ಹಾಕಿದ ಒಣ ಚೂರು ಕೆಲವೊಮ್ಮೆ ಒಳಗೆ ಹಿಟ್ಟುಹಿಟ್ಟಾಗಿ ಉಳಿಯುತ್ತೆ, ಯಾಕೆ? ಹಾಲಿನಷ್ಟು ಬೆಳ್ಳಗಿರುವ ಚೂರನ್ನು ನಂಬಬಹುದಾ? ನಮ್ಮ ಹೆಗ್ಗೆಣಸನ್ನೇ ಬದಲಿಗೆ ಹಾಕಿದರೆ ಆಗುತ್ತಾ? ಸಕ್ಕರೆ ಕಾಯಿಲೆ ಇರುವವರಿಗೆ ಇದು ಔಷಧಿ ಅಂತ ಮಾರ್ತಾರಲ್ಲ, ಅದರಲ್ಲಿ ಎಷ್ಟು ನಿಜ?

ಬೇರುಬಳ್ಳಿ:
ಒಳ್ಳೆಯ ಪ್ರಶ್ನೆಗಳು. ಮೊದಲು ಒಂದು ಮಾತು ಇತ್ಯರ್ಥ ಮಾಡಿಕೊಳ್ಳೋಣ. ಶಾನ್‌ಯಾವ್ ಅಂತ ಒಂದೇ ಹೆಸರಿನಲ್ಲಿ ಮಾರುವುದು ಒಂದೇ ವಸ್ತುವಲ್ಲ. ಹಸಿ ಗೆಡ್ಡೆ, ಒಣ ಚೂರು, ಹುರಿದ ಚೂರು, ಪುಡಿ, ಈ ನಾಲ್ಕಕ್ಕೂ ಕೆಲಸ ಬೇರೆ, ಬೇಯಿಸುವ ಕ್ರಮ ಬೇರೆ. ಅಡುಗೆ ಕೆಡುವುದು ಹೆಚ್ಚಾಗಿ ಒಂದರ ಕ್ರಮವನ್ನು ಇನ್ನೊಂದಕ್ಕೆ ಹಚ್ಚಿದಾಗ.

ಗಿಡ ಹೆಗ್ಗೆಣಸಿನ ಜಾತಿಯ ಬಳ್ಳಿ. ಗೆಡ್ಡೆ ನೆಲದೊಳಗೆ ನೆಟ್ಟಗೆ ಕೆಳಗಿಳಿಯುತ್ತೆ, ಒಂದು ಮೀಟರ್‌ವರೆಗೂ ಹೋಗುತ್ತೆ. ಚೀನಾದಲ್ಲಿ ಇದಕ್ಕೆ ಹೆಸರಾದ ಊರು ಹೆನಾನ್ ಪ್ರಾಂತ್ಯದ ಜಿಯಾವೊಝುವೊ, ಹಳದಿ ನದಿಯ ಉತ್ತರ ದಂಡೆಯ ಸೀಮೆ. ಹಿಂದೆ ಅದು ಹುವಾಯ್‌ಚಿಂಗ್ ಆಡಳಿತಕ್ಕೆ ಸೇರಿತ್ತು, ಹಾಗಾಗಿ ಅಲ್ಲಿಯ ಶಾನ್‌ಯಾವ್, ದಿಹುವಾಂಗ್ ಮತ್ತು ನಿಯುಶಿ ಅನ್ನುವ ಎರಡು ಬೇರು, ಸೇವಂತಿಗೆ ಹೂವು, ಈ ನಾಲ್ಕನ್ನು ‘ನಾಲ್ಕು ಹುವಾಯ್ ಮದ್ದು’ ಅಂತ ಕರೀತಾರೆ. ಅಲ್ಲಿಯ ವೆನ್ ಕೌಂಟಿಯ ಥಿಯೆಗುನ್ ತಳಿ ಎಲ್ಲಕ್ಕಿಂತ ದುಬಾರಿ. ಹೆಬ್ಬೆರಳು ಗಾತ್ರ, ಕಂದು ಸಿಪ್ಪೆಯ ಮೇಲೆ ತುಕ್ಕು ಬಣ್ಣದ ಮಚ್ಚೆ, ಒತ್ತೊತ್ತಾಗಿ ಬೇರುಕೂದಲು. ಮುರಿದರೆ ಒಳಗೆ ಗಟ್ಟಿ, ಲೋಳೆ ಕಮ್ಮಿ. ಎಷ್ಟು ಬೇಯಿಸಿದರೂ ಕರಗಿಹೋಗಲ್ಲ. ಅದೇ ತಳಿಯನ್ನು ಜಿಗುಟು ಮಣ್ಣಿನಲ್ಲಿ ಬೆಳೆದರೆ ಗೆಡ್ಡೆ ಗಿಡ್ಡ, ಸೊಟ್ಟ, ಆದರೆ ತೂಕ ಮತ್ತು ರುಚಿ ಜಾಸ್ತಿ. ಮರಳು ಮಣ್ಣಿನಲ್ಲಿ ಉದ್ದವಾಗಿ ನೆಟ್ಟಗೆ ನುಣ್ಣಗೆ ಬರುತ್ತೆ, ನೋಡೋಕೆ ಚೆನ್ನ. ನೆಟ್ಟಗಿರುವುದೇ ಉತ್ತಮ ಅಂತ ತಿಳಿದು ಹೆಚ್ಚು ದುಡ್ಡು ಕೊಡಬೇಡಿ.

ಇನ್ನೊಂದು ‘ತರಕಾರಿ ಶಾನ್‌ಯಾವ್’. ಮುಂಗೈಯಷ್ಟು ದಪ್ಪ, ನೀರು ಹೆಚ್ಚು, ಕರುಮ್ ಅನ್ನುತ್ತೆ. ಜಪಾನಿನ ನಾಗಾಇಮೊ ಕೂಡ ಇದೇ ಗುಣದ್ದು. ಬಾಣಲೆಯಲ್ಲಿ ಬೇಗ ಹುರಿಯುವ ಪಲ್ಯಕ್ಕೆ ಅದು ಸರಿ. ಥಿಯೆಗುನ್ ಆವಿಯಲ್ಲಿ ಬೇಯಿಸಿ ತಿನ್ನೋಕೆ, ಗಂಜಿಗೆ, ಸೂಪಿಗೆ.

ಹೊರನಾಡು_ಒಲೆ:
ಒಳಗೆ ಹಿಟ್ಟು ಉಳಿಯುವ ಪ್ರಶ್ನೆಗೆ: ನೆನೆಸದೆ ಕುದಿಯುವ ನೀರಿಗೆ ಹಾಕುವುದೇ ಕಾರಣ. ಒಣ ಚೂರಿನಲ್ಲಿ ಇರುವುದೆಲ್ಲ ಹೆಚ್ಚುಕಮ್ಮಿ ಪಿಷ್ಟ. ಹೊರಮೈ ಪಿಷ್ಟ ಬಿಸಿ ತಾಗಿದ ಕೂಡಲೇ ಅಂಟಾಗಿ ಮುಚ್ಚಿಕೊಳ್ಳುತ್ತೆ, ನೀರು ಒಳಗೆ ಇಳಿಯಲ್ಲ. ಆಮೇಲೆ ಒಂದು ಗಂಟೆ ಕುದಿಸಿದರೂ ನಡುವೆ ಒಣ ತಿರುಳು.

ಕ್ರಮ ಹೀಗೆ. ನಾಲ್ಕು ಜನಕ್ಕೆ 30ರಿಂದ 40 ಗ್ರಾಂ ಚೂರು. ಒಮ್ಮೆ ತೊಳೆದು ತಣ್ಣೀರಲ್ಲಿ ಮುಳುಗಿಸಿ 30 ನಿಮಿಷ, ದಪ್ಪ ಚೂರಾದರೆ ಒಂದು ಗಂಟೆ. ಒಂದು ಚೂರು ಮುರಿದು ನೋಡಿ, ನಡುವೆ ಬಿಳಿ ಒಣ ಚುಕ್ಕೆ ಇದ್ದರೆ ಇನ್ನೂ ಬಿಡಿ. ಆ ನೀರು ಚೆಲ್ಲಿ. ಹೊಸ ನೀರು ಒಂದೂವರೆ ಲೀಟರ್, ಉಳಿದ ಸಾಮಾನಿನ ಜೊತೆ ತಣ್ಣಗಿರುವಾಗಲೇ ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ 45 ನಿಮಿಷದಿಂದ ಒಂದು ಗಂಟೆ. ಮೊದಲ ಹತ್ತು ನಿಮಿಷ ತಳ ಕದಡುತ್ತಿರಿ, ಪಿಷ್ಟ ಕೆಳಗೆ ಕೂತು ಹಿಡಿಯುತ್ತೆ. ಹಿಡಿದರೆ ಇಡೀ ಪಾತ್ರೆಗೆ ಸೀದ ವಾಸನೆ. ಉಪ್ಪು ಕೊನೆಗೆ.

ಸಿಲಿಂಡರ್ ಥರ ಉರುಟಾಗಿ ಪಾಲಿಶ್ ಮಾಡಿದ ಇಡೀ ತುಂಡು ಸಿಕ್ಕಿದರೆ ರಾತ್ರಿ ಪೂರ್ತಿ ನೆನೆಸಲೇಬೇಕು, ಬೇಸಿಗೆಯಲ್ಲಿ ಫ್ರಿಜ್ಜಿನೊಳಗೆ.

ಸಾರುಪ್ರಿಯೆ:
ಪ್ರೆಶರ್ ಕುಕ್ಕರ್‌ನಲ್ಲಿ ಆಗುತ್ತಾ? ಹಸಿ ಗೆಡ್ಡೆಗೆ ಪ್ರಮಾಣ ಎಷ್ಟು?

ಹೊರನಾಡು_ಒಲೆ:
ನೆನೆದ ಒಣ ಚೂರಿಗೆ ಆಗುತ್ತೆ. ಎರಡು ವಿಶಿಲ್, ಆವಿ ತಾನಾಗಿ ಇಳಿಯಲಿ. ಥಿಯೆಗುನ್ ಹಸಿ ತುಂಡಿಗೂ ಒಂದೆರಡು ವಿಶಿಲ್ ತಡೆಯುವ ಶಕ್ತಿ ಇದೆ. ತರಕಾರಿ ಶಾನ್‌ಯಾವ್ ಹಾಕಬೇಡಿ, ಮುಚ್ಚಳ ತೆಗೆದಾಗ ಬರೀ ಗೊಜ್ಜು ಸಿಗುತ್ತೆ. ಅದನ್ನು ಸೂಪಿನ ಕೊನೆಯ 20 ನಿಮಿಷಕ್ಕೆ ಹಾಕಿದರೆ ಸಾಕು.

ಹಸಿ ಗೆಡ್ಡೆಯಲ್ಲಿ ಮುಕ್ಕಾಲು ಭಾಗಕ್ಕೂ ಮೇಲ್ಪಟ್ಟು ನೀರು. ಹಾಗಾಗಿ 30 ಗ್ರಾಂ ಒಣದ್ದರ ಬದಲು 120ರಿಂದ 150 ಗ್ರಾಂ ಹಸಿ. ಸೂಪಿನ ರುಚಿ ಮಾತ್ರ ಒಂದೇ ಆಗಲ್ಲ. ಒಣದ್ದು ನೀರಿಗೆ ಮಂದ ತನ ಕೊಡುತ್ತೆ, ಹಸಿಯದ್ದು ತುಂಡಾಗಿ ಬಾಯಿಗೆ ಸಿಗುತ್ತೆ.

ಮದ್ದಿನಪೆಟ್ಟಿಗೆ:
ಬಣ್ಣದ ಪ್ರಶ್ನೆಗೆ ಬರ್ತೀನಿ, ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ.

ಚೀನಾದ ಅಧಿಕೃತ ಔಷಧಕೋಶದಲ್ಲಿ ಶಾನ್‌ಯಾವ್‌ಗೆ ಮೂರು ರೂಪ ಇದೆ. ಸಿಪ್ಪೆ ತೆಗೆದು ಇಡಿಯಾಗಿ ಒಣಗಿಸಿದ್ದು ‘ಮಾವ್ ಶಾನ್‌ಯಾವ್’. ಅದರಲ್ಲಿ ದಪ್ಪ, ನೆಟ್ಟಗಿನದ್ದನ್ನು ಆರಿಸಿ, ನೀರಲ್ಲಿ ಒಳಗಿನ ತನಕ ನೆನೆಸಿ, ಮರದ ಹಲಗೆಯಲ್ಲಿ ಉರುಳಿಸಿ, ಎರಡೂ ತುದಿ ಸಮ ಕತ್ತರಿಸಿ, ಒಣಗಿಸಿ ನುಣುಪು ಮಾಡಿದ್ದು ‘ಗುವಾಂಗ್ ಶಾನ್‌ಯಾವ್’. ಹಸಿಯಿದ್ದಾಗಲೇ ದಪ್ಪ ಚೂರು ಹೆಚ್ಚಿ ಒಣಗಿಸಿದ್ದು ‘ಶಾನ್‌ಯಾವ್ ಪಿಯೆನ್’. ಇಡಿ ಗೆಡ್ಡೆ ಒಣಗೋಕೆ ಬಹಳ ದಿನ ಬೇಕು, ಅಷ್ಟರಲ್ಲಿ ಕಪ್ಪಾಗುತ್ತೆ, ಬೂಸ್ಟು ಬರುತ್ತೆ, ಹುಳ ಬೀಳುತ್ತೆ. ಅದಕ್ಕೇ ಗಂಧಕದ ಹೊಗೆ ಹಾಕುವ ಹಳೆಯ ರೂಢಿ. ಔಷಧಕೋಶದ ಮಿತಿಯೂ ಅದೇ ಲೆಕ್ಕದಲ್ಲಿದೆ: ಮಾವ್ ಮತ್ತು ಗುವಾಂಗ್‌ಗೆ ಸಲ್ಫರ್ ಡೈಆಕ್ಸೈಡ್ ಒಂದು ಕಿಲೋಗೆ 400 ಮಿಲಿಗ್ರಾಂ ಮೀರಬಾರದು, ಚೂರಿಗೆ ಬರೀ 10 ಮಿಲಿಗ್ರಾಂ. ಅಂದರೆ ಚೂರಿಗೆ ಗಂಧಕದ ಹೊಗೆ ಹಾಕುವ ಹಾಗೇ ಇಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಚೂರನ್ನೇ ಕೊಳ್ಳಿ, ಇಡೀ ತುಂಡಲ್ಲ.

ಹೊಗೆ ಹಾಕದ ಚೂರು ಹಾಲಿನ ಬಿಳಿ ಇರಲ್ಲ. ಕೆನೆ ಬಣ್ಣ, ಅಲ್ಲಲ್ಲಿ ಹಳದಿ ಛಾಯೆ, ಅಂಚಿನಲ್ಲಿ ಒಂದೊಂದು ಕಡೆ ಸಿಪ್ಪೆಯ ಕಂದು ಗೆರೆ. ಹೊಗೆ ಹಾಕಿದ್ದು ಮೊದಲಿಂದ ಕೊನೆಯವರೆಗೆ ಒಂದೇ ಬಿಳುಪು. ಪ್ಯಾಕೆಟ್ ಬಿಚ್ಚಿದ ಕೂಡಲೇ ಮೂಗಿಗೆ ಹತ್ತುವ, ಬೆಂಕಿಕಡ್ಡಿ ಗೀರಿದಾಗಿನ ವಾಸನೆ. ಇದರಲ್ಲಿ ಒಂದು ಎಚ್ಚರ. ಶಾನ್‌ಯಾವ್‌ಗೆ ಸಹಜವಾಗಿಯೇ ಒಂಚೂರು ಹುಳಿ ಇರುತ್ತೆ. ಹಾಗಾಗಿ ಹುಳಿ ಇದೆ ಅಂದ ಮಾತ್ರಕ್ಕೆ ಗಂಧಕ ಅಲ್ಲ. ನಾಲಿಗೆ ಚುರುಗುಟ್ಟಿ ಗಂಟಲು ಕೆರೆದರೆ ಅನುಮಾನ ಪಡಿ. ಗಂಧಕದ ಹೊಗೆಯಿಂದ ಚೂರಿನಲ್ಲಿ ಉಳಿಯುವ ಸಲ್ಫೈಟ್ ನೀರಿನಲ್ಲಿ ಕರಗುವ ವಸ್ತು, ನೆನೆಸಿದ ನೀರು ಚೆಲ್ಲಿದರೆ ಒಂದು ಪಾಲು ಹೋಗುತ್ತೆ, ಪೂರ್ತಿ ಅಲ್ಲ. ಆಸ್ತಮಾ ಇರುವವರು ಇಂಥ ಚೂರನ್ನು ಮುಟ್ಟದಿರುವುದೇ ಸರಿ, ಸಲ್ಫೈಟ್‌ನಿಂದ ಉಸಿರು ಕಟ್ಟುವವರು ಇದ್ದಾರೆ.

ಬೇರುಬಳ್ಳಿ:
ಗಂಧಕಕ್ಕಿಂತ ಸುಲಭವಾಗಿ ಮೋಸ ಹೋಗುವುದು ಮರಗೆಣಸಿನಲ್ಲಿ. ಮರಗೆಣಸಿನ ಚೂರನ್ನು ಒಣಗಿಸಿ ಶಾನ್‌ಯಾವ್ ಅಂತ ಮಾರುವುದು ಚೀನಾದಲ್ಲೇ ಹಳೆಯ ದಂಧೆ. ಬೆಲೆಯ ಅಂತರ ಅಷ್ಟಿದೆ. ಮರಗೆಣಸು ಬೇಯಿಸಿ ತಿಂದ ನಮ್ಮವರಿಗೆ ಗುರುತು ಕಷ್ಟ ಆಗಬಾರದು: ಅದರ ನಟ್ಟನಡುವೆ ಒಂದು ನಾರು ಇರುತ್ತಲ್ಲ, ಒಣ ಚೂರಿನಲ್ಲೂ ಆ ಗುರುತು ಉಳಿಯುತ್ತೆ. ಚೂರನ್ನು ಬೆಳಕಿಗೆ ಹಿಡಿಯಿರಿ. ನಡುವೆ ಸಣ್ಣ ತೂತು ಅಥವಾ ನಾರಿನ ಚುಕ್ಕೆ, ಅದರ ಸುತ್ತ ಹೊರಕ್ಕೆ ಹೋಗುವ ಬಿರುಕು, ಅಂಚಿಗೆ ಹತ್ತಿರ ಒಂದು ಉಂಗುರ ಕಂಡರೆ ಮರಗೆಣಸು. ಶಾನ್‌ಯಾವ್‌ನಲ್ಲಿ ನಡುನಾರು ಇಲ್ಲ, ಉಂಗುರ ಇಲ್ಲ, ಮೈತುಂಬ ತೆಳು ಕಂದು ಚುಕ್ಕೆ ಚದುರಿರುತ್ತೆ.

ಎರಡನೇ ಪರೀಕ್ಷೆ ನೀರು. ಅರ್ಧ ಗಂಟೆ ನೆನೆಸಿ ಬೆರಳಲ್ಲಿ ಉಜ್ಜಿದರೆ ಶಾನ್‌ಯಾವ್ ಜಾರುತ್ತೆ, ಲೋಳೆ ಬಿಡುತ್ತೆ. ಮರಗೆಣಸು ಒರಟಾಗಿಯೇ ಇರುತ್ತೆ. ಹಸಿಯಾಗಿ ಅಗಿದು ನೋಡುವ ಸಲಹೆ ಕೆಲವು ಕಡೆ ಇದೆ, ಅದನ್ನು ಮಾಡಬೇಡಿ. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಬೇಯಿಸದೆ ಬಾಯಿಗೆ ಹಾಕುವ ವಸ್ತು ಅಲ್ಲ.

ಪಲ್ಯಪುರಾಣ:
ಹಸಿ ಗೆಡ್ಡೆ ಬಿಡಿಸುವಾಗಿನ ತುರಿಕೆ ಬಗ್ಗೆ ಯಾರೂ ಹೇಳಿಲ್ಲ. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆಯಲ್ಲಿ ಇರುವ ಸೂಜಿಯಂಥ ಹರಳುಗಳೇ ಇಲ್ಲೂ ಇವೆ, ಕ್ಯಾಲ್ಸಿಯಂ ಆಕ್ಸಲೇಟ್. ಸಿಪ್ಪೆಯಲ್ಲೂ ಸಿಪ್ಪೆಗೆ ತಾಗಿದ ಲೋಳೆಯಲ್ಲೂ ಹೆಚ್ಚು. ಒದ್ದೆ ಕೈಯಲ್ಲಿ ಸಿಪ್ಪೆ ಹೆರೆದರೆ ಲೋಳೆ ಮೊಣಕೈವರೆಗೂ ಹರಡುತ್ತೆ. ಗ್ಲೌಸ್ ಹಾಕಿ, ಇಲ್ಲವಾದರೆ ಒಣ ಕೈಗೆ ಕೊಬ್ಬರಿ ಎಣ್ಣೆ ಸವರಿ, ಗೆಡ್ಡೆಯನ್ನು ಕಾಗದದಲ್ಲಿ ಹಿಡಿದು ಹೆರೆಯಿರಿ. ಥಿಯೆಗುನ್ ಆದರೆ ಹೆರೆಯುವ ಗೋಜೇ ಬೇಡ. ಬೇರುಕೂದಲು ಉಜ್ಜಿ ತೊಳೆದು, ಗೇಣುದ್ದ ತುಂಡು ಮಾಡಿ, ಸಿಪ್ಪೆ ಸಮೇತ 15ರಿಂದ 20 ನಿಮಿಷ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ. ಚಾಪ್‌ಸ್ಟಿಕ್ ಸಲೀಸಾಗಿ ಇಳಿದರೆ ಬೆಂದಿದೆ. ಆಮೇಲೆ ಸಿಪ್ಪೆ ತಾನಾಗಿ ಬರುತ್ತೆ, ತುರಿಕೆಯೂ ಇರಲ್ಲ.

ತುರಿಕೆ ಶುರುವಾದ ಮೇಲೆ ನೀರಲ್ಲಿ ತೊಳೆಯುತ್ತಾ ಹೋದರೆ ಇನ್ನಷ್ಟು ಹಬ್ಬುತ್ತೆ. ವಿನೆಗರ್ ಅಥವಾ ಹುಣಸೆ ರಸ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣು ಮುಟ್ಟಬೇಡಿ. ಕೈಮೈ ದಪ್ಪಗೆ ಊದಿಕೊಳ್ಳುವವರಿಗೆ ಅದು ಬರೀ ಹರಳಲ್ಲ, ಅಲರ್ಜಿ ಇರಬಹುದು, ಅಂಥವರು ತಿನ್ನುವ ಮುಂಚೆ ಡಾಕ್ಟರನ್ನು ಕೇಳಲಿ.

ಹೆಚ್ಚಿದ್ದು ಕಪ್ಪಾಗದಂತೆ: ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ವಿನೆಗರ್ ಇಲ್ಲವೇ ಅರ್ಧ ಹೋಳು ನಿಂಬೆರಸ, ಹೆಚ್ಚಿದ ಹಾಗೇ ಅದಕ್ಕೆ ಹಾಕಿ. ಗೆಡ್ಡೆಯೊಳಗಿನ ಕಿಣ್ವ ಗಾಳಿ ತಾಗಿ ಬಣ್ಣ ಬದಲಿಸುತ್ತೆ, ಬದನೆಕಾಯಿಯಲ್ಲಿ ಆಗುವುದೇ. ಕಬ್ಬಿಣದ ಈಳಿಗೆಮಣೆ, ಕಬ್ಬಿಣದ ಬಾಣಲೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬೂದುಬಣ್ಣ ತಿರುಗುತ್ತೆ. ಸ್ಟೀಲ್ ಚಾಕು ಸಾಕು.

ಪಲ್ಯ: ತರಕಾರಿ ಶಾನ್‌ಯಾವ್ 300 ಗ್ರಾಂ, ಮೂರು ಮಿಲಿಮೀಟರ್ ದಪ್ಪಕ್ಕೆ ಓರೆಯಾಗಿ ಹೆಚ್ಚಿ. ಒಣ ಕಪ್ಪು ಅಣಬೆ (ಮರದ ಕಿವಿ ಅಂತಾರಲ್ಲ ಅದು) 10 ಗ್ರಾಂ ನೆನೆಸಿದ್ದು. ಎರಡನ್ನೂ ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದು ತಣ್ಣೀರಿಗೆ ಹಾಕಿ ಬಸಿಯಿರಿ. ಅದ್ದುವುದನ್ನು ಬಿಟ್ಟರೆ ಮೇಲಿನ ಲೋಳೆ ಬಾಣಲೆಗೆ ಅಂಟಿ ಇಡೀ ಪಲ್ಯ ಮುದ್ದೆಯಾಗುತ್ತೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ, ಬೆಳ್ಳುಳ್ಳಿ, ಹಸಿ ಈರುಳ್ಳಿ ಹೂವು, ಆಮೇಲೆ ಇವೆರಡು. ಜೋರು ಉರಿಯಲ್ಲಿ ಒಂದೂವರೆ ನಿಮಿಷ, ಉಪ್ಪು, ಒಂದೆರಡು ಹನಿ ವಿನೆಗರ್, ಇಳಿಸಿಬಿಡಿ. ಕರುಮ್ ಅನ್ನಬೇಕು.

ಅಣಬೆ ನೆನೆಸುವುದು ಅರ್ಧ ಗಂಟೆ, ಹೆಚ್ಚೆಂದರೆ ಎರಡು ಗಂಟೆ. ಬೆಚ್ಚಗಿನ ಜಾಗದಲ್ಲಿ ರಾತ್ರಿಯಿಡೀ ನೆನೆಸಿಟ್ಟ ಈ ಅಣಬೆಯಿಂದ ಚೀನಾದಲ್ಲಿ ಪ್ರಾಣಕ್ಕೆ ಕುತ್ತು ಬಂದದ್ದಿದೆ. ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗಲ್ಲ.

ಕಾಡುಗೆಡ್ಡೆ:
ಹೆಗ್ಗೆಣಸಿನ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಅಡುಗೆಗೆ ಧಾರಾಳವಾಗಿ ಆಗುತ್ತೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್, ಗುವಾಂಗ್ಶಿಯಲ್ಲಿ, ತೈವಾನಿನಲ್ಲಿ ಅವರೇ ನಮ್ಮ ಹೆಗ್ಗೆಣಸಿನ ಜಾತಿಯನ್ನು (ಡಯಾಸ್ಕೋರಿಯಾ ಅಲಾಟಾ) ಶಾನ್‌ಯಾವ್ ಅಂತಲೇ ಬೆಳೆದು ತಿಂತಾರೆ. ಜೊಯಿಡಾದ ಕುಣಬಿ ರೈತರು ಗೆಡ್ಡೆಗೆಣಸು ಮೇಳಕ್ಕೆ ತರುವ ಗೆಡ್ಡೆಗಳಲ್ಲಿ ಬಿಳಿ ತಿರುಳಿನದ್ದನ್ನು ಆರಿಸಿಕೊಳ್ಳಿ. ನೇರಳೆ ತಿರುಳಿನದ್ದು ಸೂಪಿನ ಬಣ್ಣ ಕೆಡಿಸುತ್ತೆ. ಹೆಗ್ಗೆಣಸಿಗೆ ಬೇಯುವ ಸಮಯ ಹೆಚ್ಚು, ಎರಡೂವರೆ ಸೆಂಟಿಮೀಟರ್ ತುಂಡಿಗೆ 25ರಿಂದ 30 ನಿಮಿಷ. ಹಸಿಯಾಗಿ ತುರಿದು ತಿನ್ನುವ ಜಪಾನೀ ಕ್ರಮವನ್ನು ನಮ್ಮ ಗೆಡ್ಡೆಗಳಿಗೆ ಹಚ್ಚಲೇಬೇಡಿ. ನಮ್ಮ ಕಾಡಿನ ಜಾತಿಗಳಲ್ಲಿ ಬೇಯಿಸದೆ ತಿನ್ನಬಾರದವೇ ಹೆಚ್ಚು.

ಮದ್ದಿನ ಲೆಕ್ಕದಲ್ಲಿ ಮಾತ್ರ ಬದಲಿ ಆಗಲ್ಲ. ಔಷಧಕೋಶ ಒಪ್ಪುವುದು ಒಂದೇ ಜಾತಿಯನ್ನು.

ಆ ಜಾತಿಯ ಹೆಸರಿನಲ್ಲೇ ನಮ್ಮವರು ಬೀಳುವ ಒಂದು ಗುಂಡಿ ಇದೆ. ಚೀನೀ ಪುಸ್ತಕಗಳು ಇದನ್ನು ‘ಡಯಾಸ್ಕೋರಿಯಾ ಅಪೋಸಿಟಾ’ ಅಂತ ಬರೆಯುತ್ತವೆ, ಸಸ್ಯಶಾಸ್ತ್ರಜ್ಞರು ಈಗ ಒಪ್ಪಿರುವುದು ‘ಡಯಾಸ್ಕೋರಿಯಾ ಪಾಲಿಸ್ಟಾಕಿಯಾ’. ಬೀಜ ಮಾರುವ ಹಲವು ಕಡೆ ‘ಡಯಾಸ್ಕೋರಿಯಾ ಅಪೋಸಿಟಿಫೋಲಿಯಾ’ ಅಂತ ಹಾಕ್ತಾರೆ. ಆ ಕೊನೆಯದ್ದು ಬೇರೆ ಗಿಡ, ಭಾರತ, ಶ್ರೀಲಂಕಾದ್ದು, ನಮ್ಮ ಪಶ್ಚಿಮಘಟ್ಟದಲ್ಲೇ ಇರುವಂಥದ್ದು. ‘ಶಾನ್‌ಯಾವ್ ನಮ್ಮ ಕಾಡಲ್ಲೂ ಬೆಳೆಯುತ್ತೆ’ ಅನ್ನುವ ವಾಟ್ಸಾಪ್ ಮಾತು ಹುಟ್ಟಿದ್ದು ಈ ಗೊಂದಲದಿಂದ.

ಶಾನ್‌ಯಾವ್ ಬಳ್ಳಿಯ ಎಲೆಕಂಕುಳಲ್ಲಿ ಸಣ್ಣ ಸಣ್ಣ ಗೆಡ್ಡೆ ಬಿಡುತ್ತೆ, ಚೀನಾದಲ್ಲಿ ಬೇಯಿಸಿ ತಿಂತಾರೆ, ಸಕ್ಕರೆ ಪಾಕದಲ್ಲಿ ಅದ್ದಿ ಕಡ್ಡಿಗೆ ಚುಚ್ಚಿ ಮಾರ್ತಾರೆ. ಬಳ್ಳಿಯಲ್ಲಿ ಗೆಡ್ಡೆ ಬಿಡುವ ಇನ್ನೊಂದು ಜಾತಿ ‘ಡಯಾಸ್ಕೋರಿಯಾ ಬಲ್ಬಿಫೆರಾ’ ನಮ್ಮ ಕಾಡಲ್ಲಿದೆ. ಅದರ ಕಹಿ ಗೆಡ್ಡೆ ಲಿವರ್‌ಗೆ ಏಟು ಕೊಡುವುದು ಚೀನಾದಲ್ಲೇ ಚೆನ್ನಾಗಿ ದಾಖಲಾಗಿದೆ. ಎರಡನ್ನೂ ಒಂದೇ ಅಂದುಕೊಂಡು ಕಿತ್ತು ತಿನ್ನಬೇಡಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಹಿತ್ತಲಲ್ಲಿ ಶಾನ್‌ಯಾವ್ ನೆಡುವ ಮುಂಚೆ ಯೋಚಿಸಿ. ಉದುರಿದ ಆ ಸಣ್ಣ ಗೆಡ್ಡೆಗಳಿಂದಲೇ ಅದು ಅಲ್ಲಿಯ ಪೂರ್ವ ರಾಜ್ಯಗಳಲ್ಲಿ ಹಳ್ಳ, ಕಾಡಂಚು ತುಂಬಿಕೊಂಡು ಕಳೆಯಾಗಿದೆ.

ಮದ್ದಿನಪೆಟ್ಟಿಗೆ:
ಈಗ ಔಷಧಿ. ಚೀನೀ ವೈದ್ಯದಲ್ಲಿ ಇದು ಸಿಹಿ ರುಚಿ, ಬಿಸಿಯೂ ಅಲ್ಲ ತಂಪೂ ಅಲ್ಲ, ಗುಲ್ಮ, ಶ್ವಾಸಕೋಶ, ಮೂತ್ರಪಿಂಡ ಈ ಮೂರಕ್ಕೆ ಪುಷ್ಟಿ ಅನ್ನುವ ಲೆಕ್ಕ. (ಅವರು ಗುಲ್ಮ ಅನ್ನುವುದು ಹೆಚ್ಚುಕಮ್ಮಿ ಇಡೀ ಜೀರ್ಣಶಕ್ತಿಯನ್ನು.) ಕಷಾಯದ ಪ್ರಮಾಣ ದಿನಕ್ಕೆ 15ರಿಂದ 30 ಗ್ರಾಂ. ಹಸಿವಾಗದವರಿಗೆ, ಆಗಾಗ ಭೇದಿಯಾಗುವವರಿಗೆ, ಒಣಕೆಮ್ಮಿಗೆ ಕೊಡ್ತಾರೆ. ಹೊಟ್ಟೆ ಉಬ್ಬರ, ಅಜೀರ್ಣ, ನಾಲಿಗೆ ಮೇಲೆ ದಪ್ಪ ಪೊರೆ ಇರುವವರಿಗೆ ಅವರ ವೈದ್ಯರೇ ಬೇಡ ಅಂತಾರೆ. ಮಲಬದ್ಧತೆ ಇರುವವರಿಗೂ ಹೆಚ್ಚಾದರೆ ಕಟ್ಟುತ್ತೆ.

ಹೆಸರಾಂತ ಯೋಗ ಅಂದರೆ ಆರು ಮೂಲಿಕೆಯ ಲಿಯುವೆಯ್ ದಿಹುವಾಂಗ್ ಗುಳಿಗೆ. ಚೀನಾದ ಸೊಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ ಅವರದ್ದು, 1119ರಲ್ಲಿ ಬಂದ ಗ್ರಂಥದಲ್ಲಿದೆ. ಬೇಯಿಸಿದ ದಿಹುವಾಂಗ್ 8 ಪಾಲು, ಶಾನ್‌ಯಾವ್ 4, ಶಾನ್‌ಝುಯು ಹಣ್ಣು 4, ಉಳಿದ ಮೂರು ತಲಾ 3. ನೋಡಿ, ಅಲ್ಲಿ ಶಾನ್‌ಯಾವ್ ಒಂಟಿಯಲ್ಲ, ಜೊತೆಯವುಗಳ ಲೆಕ್ಕದಲ್ಲಿ ಕೂತಿದೆ. ಆ ಗುಳಿಗೆಯ ಗುಣಗಳನ್ನೆಲ್ಲ ತಂದು ಗೆಡ್ಡೆಯ ಪ್ಯಾಕೆಟ್ ಮೇಲೆ ಅಚ್ಚು ಹಾಕುವುದು ಸರಿಯಲ್ಲ.

ಸಕ್ಕರೆ ಕಾಯಿಲೆ: ಬಾಯಾರಿಕೆ, ಮೂತ್ರ ಹೆಚ್ಚಾಗುವ ತೊಂದರೆಗೆ ಇದನ್ನು ಕೊಟ್ಟ ಪರಂಪರೆ ನಿಜ. ಆದರೆ ಗೆಡ್ಡೆ ಪಿಷ್ಟ. 100 ಗ್ರಾಂ ಹಸಿ ತರಕಾರಿ ಶಾನ್‌ಯಾವ್‌ನಲ್ಲಿ ಸುಮಾರು 12 ಗ್ರಾಂ ಕಾರ್ಬೋಹೈಡ್ರೇಟ್, ಥಿಯೆಗುನ್‌ನಲ್ಲಿ ಅದಕ್ಕಿಂತ ಜಾಸ್ತಿ. ಅನ್ನ ಕಮ್ಮಿ ಮಾಡಿ ಅದರ ಜಾಗದಲ್ಲಿ ತಿನ್ನಬಹುದು. ಅನ್ನದ ಮೇಲೆ ಹೆಚ್ಚುವರಿಯಾಗಿ ಪುಡಿಯ ಗಂಜಿ ಕುಡಿದರೆ ಸಕ್ಕರೆ ಏರುತ್ತೆ. ಪುಡಿ ಮಾಡಿ ಬೇಯಿಸಿದ ಪಿಷ್ಟ ತುಂಡಿಗಿಂತ ಬೇಗ ಅರಗುತ್ತೆ ಅನ್ನುವುದು ನೆನಪಿರಲಿ. ಮಾತ್ರೆ, ಇನ್ಸುಲಿನ್ ನಿಲ್ಲಿಸಿ ಇದನ್ನು ನಂಬುವ ಮಾತೇ ಬೇಡ.

‘ಹಾರ್ಮೋನು ಹೆಚ್ಚುತ್ತೆ’ ಅಂತ ಹೆಂಗಸರಿಗೆ ಮಾರುವುದೂ ಇದೆ. ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದ ಆರಂಭದಲ್ಲಿ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯಾಸ್ಜೆನಿನ್ ಅನ್ನುವ ಅಂಶದಿಂದ ಪ್ರೊಜೆಸ್ಟರಾನ್ ಹಾರ್ಮೋನು ತಯಾರಿಸಿದ್ದು ನಿಜ. ಅದು ಪ್ರಯೋಗಾಲಯದಲ್ಲಿ ಹಂತಹಂತವಾಗಿ ಮಾಡಿದ ರಾಸಾಯನಿಕ ಕೆಲಸ, ನಮ್ಮ ದೇಹಕ್ಕೆ ಆ ಬದಲಾವಣೆ ಮಾಡುವ ಶಕ್ತಿ ಇಲ್ಲ. ಗೆಡ್ಡೆ ತಿಂದರೆ ಹಾರ್ಮೋನು ಬರಲ್ಲ.

ಸಾರುಪ್ರಿಯೆ:
ರೆಡಿ ಸೂಪ್ ಪ್ಯಾಕೆಟ್‌ಗಳಲ್ಲಿ ಶಾನ್‌ಯಾವ್ ಜೊತೆ ಬೇರೆ ಬೇರೂ ಇರುತ್ತಲ್ಲ, ಅವು ಪರವಾಗಿಲ್ಲವೇ?

ಮದ್ದಿನಪೆಟ್ಟಿಗೆ:
ಅಲ್ಲೇ ನಿಜವಾದ ಅಪಾಯ ಇರುವುದು, ಮೇಡಂ. ಪ್ಯಾಕೆಟ್ಟಿನಲ್ಲಿ ಬಹುತೇಕ ದಾಂಗ್‌ಗುಯ್ ಬೇರು, ಗೋಜಿ ಹಣ್ಣು ಇರುತ್ತೆ. ಎರಡೂ ವಾರ್ಫರಿನ್ ತಗೊಳ್ಳುವವರ ರಕ್ತವನ್ನು ಇನ್ನಷ್ಟು ತೆಳುವಾಗಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ರಕ್ತ ತೆಳುವಾಗುವ ಮಾತ್ರೆ ಇರುವವರು, ಬಸುರಿಯರು ಇಂಥ ಮಿಶ್ರಣವನ್ನು ಡಾಕ್ಟರನ್ನು ಕೇಳದೆ ಕುಡಿಯಬಾರದು. ಹ-ಶೋ-ವು ಅನ್ನುವ ಕಪ್ಪು ಬೇರು ಇದ್ದರೆ ಯಾರಿಗೂ ಬೇಡ, ಲಿವರ್ ಕೆಡಿಸುವ ವಿಚಾರದಲ್ಲಿ ಅದರ ಹೆಸರು ಕೆಟ್ಟಿದೆ. ಒಂದೊಂದು ವಸ್ತು ಬಿಡಿಯಾಗಿ ಕೊಂಡು ನೀವೇ ಸೇರಿಸಿ.

ಹೊರನಾಡು_ಒಲೆ:
ಬಿಡಿಯಾಗಿ ಸೇರಿಸುವವರಿಗೆ ಒಂದು ನಂಬಿಗಸ್ತ ಸೂಪು, ತೈವಾನ್ ಮತ್ತು ಫುಜಿಯೆನ್ ಕಡೆಯ ‘ಸಿಶೆನ್’. ಶಾನ್‌ಯಾವ್, ತಾವರೆ ಬೀಜ, ಫುಲಿಂಗ್ ಅಣಬೆ, ಚಿಯೆನ್‌ಶಿ, ತಲಾ 20 ಗ್ರಾಂ. ಅಲ್ಲಿ ಹಂದಿಯ ಕರುಳಿನ ಜೊತೆ ಮಾಡುವುದು ರೂಢಿ, ಸಸ್ಯಾಹಾರಿಗಳು ಕಲ್ಲುಸಕ್ಕರೆ ಹಾಕಿ ಸಿಹಿ ಮಾಡಿಕೊಳ್ಳಬಹುದು. ತಾವರೆ ಬೀಜದ ನಡುವಿನ ಹಸಿರು ಮೊಳಕೆ ತೆಗೆದುಬಿಡಿ, ಇದ್ದರೆ ಇಡೀ ಪಾತ್ರೆ ಕಹಿ. ಬೀಜ ಮತ್ತು ಚಿಯೆನ್‌ಶಿ ಎರಡು ಗಂಟೆ ನೆನೆಸಿ, ಫುಲಿಂಗ್ ಜೊತೆ ಒಂದೂವರೆ ಲೀಟರ್ ನೀರಲ್ಲಿ ಒಲೆಗಿಡಿ. 30 ನಿಮಿಷ ಆದ ಮೇಲೆ ನೆನೆದ ಶಾನ್‌ಯಾವ್ ಹಾಕಿ ಇನ್ನೊಂದು 45 ನಿಮಿಷ ಸಣ್ಣ ಉರಿ.

ಚಿಯೆನ್‌ಶಿ ಅಂದರೆ ನಮ್ಮ ಮಖಾನಾ ಕೊಡುವ ಗಿಡದ್ದೇ ಬೀಜ. ಆದರೆ ಅಂಗಡಿಯ ಮಖಾನಾ ಅರಳಿಸಿದ್ದು, ಸೂಪಿಗೆ ಹಾಕಿದರೆ ನೀರು ಕುಡಿದು ಹತ್ತಿಯಾಗುತ್ತೆ. ಅರಳಿಸದ ಒಣ ಬೀಜ ಸಿಗದಿದ್ದರೆ ಅದನ್ನು ಬಿಟ್ಟೇ ಮಾಡಿ.

ಪುಡಿಯ ಗಂಜಿ ಹೇಳಿಬಿಡ್ತೀನಿ. 30 ಗ್ರಾಂ ಪುಡಿಯನ್ನು 300 ಮಿಲಿ ತಣ್ಣೀರಿಗೆ ಹಾಕಿ ರಾಗಿ ಗಂಜಿಗೆ ಹಿಟ್ಟು ಕದಡಿದ ಹಾಗೆ ಗಂಟಿಲ್ಲದೆ ಕದಡಿ, ಆಮೇಲೆ ಒಲೆ ಹಚ್ಚಿ. ಬಿಸಿ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟಿ ಮತ್ತೆ ಬಿಡಿಸಿಕೊಳ್ಳಲ್ಲ. ಮಧ್ಯಮ ಉರಿಯಲ್ಲಿ ಕೈ ಬಿಡದೆ ತಿರುವಿದರೆ ನಾಲ್ಕೈದು ನಿಮಿಷಕ್ಕೆ ಗಟ್ಟಿಯಾಗುತ್ತೆ. ಅಷ್ಟಕ್ಕೇ ನಿಲ್ಲಿಸಬೇಡಿ, ಇನ್ನೈದು ನಿಮಿಷ ಬೇಯಿಸಿದರೆ ಹಸಿ ವಾಸನೆ ಹೋಗಿ ಹೊಳಪು ಬರುತ್ತೆ. ಕೆಲವು ಪ್ಯಾಕೆಟ್ ಮೊದಲೇ ಬೇಯಿಸಿ ಪುಡಿ ಮಾಡಿದ್ದು, ಬಿಸಿ ನೀರು ಹಾಕಿದರೆ ಸಾಕು. ಒಂದು ಚಮಚ ತಣ್ಣೀರಿಗೆ ಹಾಕಿ ನೋಡಿ: ತಣ್ಣೀರಲ್ಲೇ ಗಟ್ಟಿಯಾದರೆ ಬೇಯಿಸಿದ್ದು, ಕೆಳಗೆ ಕೂತರೆ ಹಸಿಯದ್ದು.

ಬೇರುಬಳ್ಳಿ:
ಹುರಿದ ಚೂರಿನ ಬಗ್ಗೆ ಬಾಕಿ ಇತ್ತು. ಹುರಿಯದೆ ಬರೀ ಒಣಗಿಸಿದ್ದು ಪುಷ್ಟಿಗೆ, ಒಣಕೆಮ್ಮಿಗೆ. ಆಗಾಗ ಭೇದಿಯಾಗುವವರಿಗೆ ಗೋಧಿ ಬೂಸಾದಲ್ಲಿ ಹುರಿದದ್ದು. 100 ಗ್ರಾಂ ಚೂರಿಗೆ 10ರಿಂದ 15 ಗ್ರಾಂ ಬೂಸಾ. ದಪ್ಪ ತಳದ ಬಾಣಲೆ ಕಾಯಿಸಿ ಬೂಸಾ ಹರಡಿ. ಹೊಗೆ ಏಳಬೇಕು, ಆ ಕ್ಷಣಕ್ಕೆ ಚೂರು ಹಾಕಿ ಬೇಗ ಬೇಗ ತಿರುವಿ. ಚೂರು ಹಳದಿ ತಿರುಗಿ ಘಮ್ ಅಂದಾಗ ಇಳಿಸಿ ಜರಡಿ ಹಿಡಿದು ಬೂಸಾ ಬೇರ್ಪಡಿಸಿ. ಹೊಗೆ ಬರುವ ಮುಂಚೆ ಹಾಕಿದರೆ ಬೂಸಾ ಅಂಟುತ್ತೆ, ಬಣ್ಣ ಹಿಡಿಯಲ್ಲ. ತಡವಾದರೆ ಬೂಸಾ ಕರಕಾಗಿ ಚೂರಿಗೆ ಕಹಿ. ಚೂರುಗಳು ಒಂದೇ ದಪ್ಪ ಇಲ್ಲದಿದ್ದರೆ ತೆಳ್ಳಗಿನದ್ದು ಮೊದಲು ಸೀದುಹೋಗುತ್ತೆ, ಹಾಗಾಗಿ ಮುಂಚೆ ಆರಿಸಿಕೊಳ್ಳಿ. ಕಿಟಕಿ ತೆಗೆದಿರಲಿ.

ಬೆಲೆ ಯಾಕೆ ದುಬಾರಿ ಅನ್ನುವವರಿಗೆ: ಬಳ್ಳಿ ಒಣಗಿ ಮಂಜು ಬಿದ್ದ ಮೇಲೆ ಅಕ್ಟೋಬರ್ ಕೊನೆಯಿಂದ ಕೀಳುವುದು ಶುರು. ಸಾಲಿನ ಪಕ್ಕ ಆಳದ ಕಾಲುವೆ ತೋಡಿ, ಸಪೂರ ಸಲಿಕೆಯಲ್ಲಿ ಮಣ್ಣು ಕೆರೆದು ಒಂದೊಂದನ್ನೇ ಬಿಡಿಸಬೇಕು. ಮುರಿದರೆ ಅರ್ಧ ಬೆಲೆಯೂ ಇಲ್ಲ, ಮುರಿದ ಬಾಯಿಂದ ಕೊಳೆಯುತ್ತೆ. ಒಮ್ಮೆ ಬೆಳೆದ ಹೊಲದಲ್ಲಿ ಮತ್ತೆ ಹಲವು ವರ್ಷ ಇದನ್ನು ಹಾಕಲ್ಲ, ಹಾಕಿದರೆ ರೋಗ ಬಿದ್ದು ಇಳುವರಿ ಕುಸಿಯುತ್ತೆ. ಗುವಾಂಗ್ಶಿಯಲ್ಲಿ ಓರೆಯಾಗಿ ಹೂತ ಪ್ಲಾಸ್ಟಿಕ್ ದೋಣಿಯಲ್ಲಿ ಗೆಡ್ಡೆ ಇಳಿಯುವಂತೆ ಮಾಡಿ ಈ ಅಗೆಯುವ ಕಷ್ಟ ತಪ್ಪಿಸಿದ್ದಾರೆ. ಬಹಳ ಒಳ್ಳೆಯ ಉಪಾಯ ಅದು.

ಪಲ್ಯಪುರಾಣ:
ಇಡುವ ಕ್ರಮ. ಹಸಿ ಗೆಡ್ಡೆಯನ್ನು ತೊಳೆಯದೆ ಮಣ್ಣಿನ ಸಮೇತ ಪೇಪರ್‌ನಲ್ಲಿ ಸುತ್ತಿ ತಂಪಾದ ಕತ್ತಲೆ ಜಾಗದಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಬೂಸ್ಟು ಬರುತ್ತೆ. ಕತ್ತರಿಸಿದ ತುದಿಯನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಅಕ್ಕಿ ಹಿಟ್ಟು ಮೆತ್ತಿ, ಪೇಪರ್ ಸುತ್ತಿ ಫ್ರಿಜ್ಜಿಗೆ, ನಾಲ್ಕೈದು ದಿನದೊಳಗೆ ಮುಗಿಸಿ. ಒಣ ಚೂರಿಗೆ ಹುಳದ ಕಾಟ ಜಾಸ್ತಿ. ಕೊಂಡ ದಿನವೇ ಒಂದೆರಡು ಗಂಟೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಗಾಜಿನ ಭರಣಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರಾಡುತ್ತೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಫ್ರಿಜ್ಜಿನಲ್ಲೇ ಇಡಿ.

ಸಾರುಪ್ರಿಯೆ:
ಚೂರಿನಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟು ಉದುರಿದ್ದು ಕಂಡರೆ ಬಿಸಿಲಿಗೆ ಹಾಕಿ ಬಳಸಬಹುದಾ?

ಪಲ್ಯಪುರಾಣ:
ಬೇಡ. ಆ ಹಿಟ್ಟಿನಲ್ಲಿ ಹುಳದ ಹಿಕ್ಕೆಯೂ ಇರುತ್ತೆ, ಬೇಯಿಸಿದರೂ ಮುಗ್ಗು ವಾಸನೆ ಬಿಡಲ್ಲ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಪಕ್ಕದಲ್ಲಿಟ್ಟ ತಾವರೆ ಬೀಜ, ಬೇಳೆ ಡಬ್ಬಗಳನ್ನೂ ಬಿಚ್ಚಿ ನೋಡಿಬಿಡಿ. ಅದೇ ಹುಳ ಅಲ್ಲಿಗೂ ಹೋಗಿರುತ್ತೆ.